ಕಂಠಾಭರಣ ಸಂಖ್ಯೆ
(ಮಹಾವೀರಾಚಾರ್ಯನ ಒಂದು ಗುಣಾಕಾರದ ವಿಮರ್ಶೆ)

ಕೋಲಾರದ ಚಿನ್ನದ ಸೀಮೆಯಲ್ಲಿ ಕಂಠಾಭರಣವೆಂಬ ಮಾತಿಗೆ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯವರು ಇಲ್ಲಿಗೆ ಬಂದುದು ಮೊದಲುಗೊಂಡು, ೨೦೦೧ನೆಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚುವವರೆಗೆ, ಈ ನೆಲದಿಂದ ಹೊರಬಂದ ಚಿನ್ನವು ೮೦೦ ಟನ್ನುಗಳಿಗೆ ಕಡಮೆಯಿಲ್ಲ. ಅದನ್ನು ಹೊರಜಗತ್ತಿಗೆ ಕೂಡಿಸಿದ ರೈಲುದಾರಿಯ ಊರು ಬೌರಿಂಗನ ಹೆಸರನ್ನು ಕಳಚಿ ಬಂಗಾರಪೇಟೆಯೆಂಬ ಹೆಸರನ್ನೇ ತೊಟ್ಟುಕೊಂಡಿತು. ಆದರೆ ಕುಲುಮೆಯನ್ನು ಕಾಣದ, ತಕ್ಕಡಿಗೆ ಏರದ, ಕಳ್ಳರ ಭಯವಿಲ್ಲದ ಕಂಠಾಭರಣವೊಂದು ಕನ್ನಡ ನಾಡಿನಲ್ಲಿಯೇ ಸಾವಿರದ ನೂರು ವರ್ಷಗಳಿಗೂ ಹಿಂದೆ ನಿರ್ಮಿತವಾಯಿತು. ಅದನ್ನು ಪೋಣಿಸಿದವನು ಗಣಿತಸಾರಸಂಗ್ರಹದ ಕರ್ತೃವಾದ ಮಹಾವೀರಾಚಾರ್ಯನು. ಆ ಆಭರಣವು ಒಂದು ಸಂಖ್ಯೆ: ೧೨೩೪೫೬೫೪೩೨೧.

ಮಹಾವೀರನು ದಿಗಂಬರ ಜೈನನು, ಕ್ರಿ. ಶ. ೮೫೦ರ ಸುಮಾರಿನವನು. ಗ್ರಂಥಾರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವನು. ಯಾವ ಆಸ್ಥಾನದಲ್ಲಿ ಕವಿರಾಜಮಾರ್ಗವು ಕನ್ನಡಕ್ಕೆ ಲಕ್ಷಣವನ್ನು ಕೊಟ್ಟಿತೋ ಅದೇ ಆಸ್ಥಾನದ ಕಾಲದಲ್ಲಿ ಈ ಸಂಸ್ಕೃತ ಗ್ರಂಥವು ಗಣಿತಕ್ಕೆ ಕ್ರಮವನ್ನು ಕೊಟ್ಟಿತು. ಸಂಜ್ಞಾಧಿಕಾರವೊಂದು, ಅದರ ಮೇಲೆ ಎಂಟು ವ್ಯವಹಾರಗಳು, ಎಲ್ಲವೂ ಪದ್ಯದಲ್ಲಿ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ೧೯೧೨ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಕನ್ನಡದ ಅನುವಾದವು ಪದ್ಮಾವತಮ್ಮನವರಿಂದ ೨೦೦೦ದಲ್ಲಿ ಹೊಂಬುಜದಿಂದ ಹೊರಬಂದಿತು. ತೆಲುಗನ್ನೂ ಕನ್ನಡವನ್ನೂ ಒಂದೇ ಜಗಲಿಯಲ್ಲಿ ಆಡುವ ಕೋಲಾರದ ಮನೆಗಳಿಗೆ ಈ ಕಾಲಕ್ರಮವು ಚಿಂತನೀಯವಾದುದು. ನೆರೆಯ ನುಡಿಯು ಒಂಬೈನೂರು ವರ್ಷಗಳ ಹಿಂದೆಯೇ ಪಡೆದುದನ್ನು ಗ್ರಂಥವು ಹುಟ್ಟಿದ ನಾಡಿನ ನುಡಿಯು ಅಷ್ಟು ತಡವಾಗಿ ಪಡೆಯಿತು.

ಈ ಗ್ರಂಥದ ಪರಿಕರ್ಮ ವ್ಯವಹಾರದಲ್ಲಿ, ಗುಣಾಕಾರದ ಸೂತ್ರವಾದ ಮೇಲೆ, ವಿಚಿತ್ರವಾದ ಕೆಲವು ಉದಾಹರಣೆಗಳು ಬರುವುವು. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ೧೧೧೧೧೧೧೧೧. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ಇಂತಹ ಫಲಗಳಿಗೆ ಗ್ರಂಥಕರ್ತನು ಕಂಠಿಕೆ, ರಾಜಕಂಠಿಕೆ, ಕಂಠಾಭರಣ ಎಂಬ ಹೆಸರುಗಳನ್ನು ಇಡುವನು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುದರಿಂದ, ಕೊರಳಿನ ಎರಡು ಕಡೆಯೂ ಸಮನಾಗಿ ಇಳಿಯುವ ಸರವೆಂಬುದು ಈ ಹೆಸರಿನ ಸ್ವಾರಸ್ಯ. ಇವುಗಳಲ್ಲಿ ಅತ್ಯಂತ ಸುಂದರವಾದುದು ೨೭೯೯೪೬೮೧ನ್ನು ೪೪೧ರಿಂದ ಗುಣಿಸುವ ಉದಾಹರಣೆ. ಅದರ ಫಲವೇ ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಒಂದಕ್ಕೆ ಇಳಿಯುವ ಮೇಲಣ ಸಂಖ್ಯೆ. ಲೋಕದ ಲೆಕ್ಕದಲ್ಲಿ ೧೨೩೪ ಕೋಟಿ ೫೬ ಲಕ್ಷ ೫೪ ಸಾವಿರದ ೩೨೧.

ಇದರ ಬೆಲೆಯ ವಿಷಯದಲ್ಲಿ ಎರಡು ಪಕ್ಷಗಳುಂಟು. ಇದು ಹುಡುಗರನ್ನು ನಗಿಸುವ ಚಮತ್ಕಾರವೆಂದೂ, ಶಾಸ್ತ್ರಗ್ರಂಥದಲ್ಲಿ ಇದಕ್ಕೆ ಸ್ಥಾನವಿರಬಾರದಿತ್ತೆಂದೂ ಒಂದು ಪಕ್ಷ. ಇದರಲ್ಲಿ ಆಧುನಿಕ ಗಣಿತವೆಲ್ಲವೂ ಬೀಜರೂಪದಲ್ಲಿ ಅಡಗಿದೆಯೆಂದು ಮತ್ತೊಂದು ಪಕ್ಷ. ಮೊದಲನೆಯವರು ಗುಣಿಸಿ ನೋಡುವ ಶ್ರಮವನ್ನು ವಹಿಸುವುದಿಲ್ಲ, ಎರಡನೆಯವರೂ ವಹಿಸುವುದಿಲ್ಲ. ಆದುದರಿಂದ ಮೊದಲು ಗುಣಿಸಿಯೇ ನೋಡತಕ್ಕದ್ದು.

೨೭೯೯೪೬೮೧ನ್ನು ೪೦೦ರಿಂದ ಗುಣಿಸಿದರೆ ೧೧೧೯೭೮೭೨೪೦೦; ೪೦ರಿಂದ ಗುಣಿಸಿದರೆ ೧೧೧೯೭೮೭೨೪೦; ಒಂದರಿಂದ ಗುಣಿಸಿದರೆ ಅದೇ ೨೭೯೯೪೬೮೧. ಹಲಗೆಯ ಮೇಲೆ ಈ ಮೂರು ಸಾಲುಗಳೂ ಒಂದರ ಕೆಳಗೊಂದು ನಿಂತಾಗ, ಎಲ್ಲಿಯೂ ಕ್ರಮದ ಸುಳಿವೇ ಇಲ್ಲ. ಚೆಲ್ಲಿದ ಕಾಳಿನಂತೆ ಅಂಕಗಳು ಬಿದ್ದಿರುವುವು. ಕೂಡುತ್ತ ಬಲದಿಂದ ಎಡಕ್ಕೆ ನಡೆದಂತೆ ಒಂದು, ಎರಡು, ಮೂರು ಎಂದು ಅಂಕಗಳು ತಾವಾಗಿ ಮೆಟ್ಟಿಲೇರಿ, ಆರನ್ನು ಮುಟ್ಟಿ, ಬಂದ ದಾರಿಯಲ್ಲಿಯೇ ಇಳಿದುಹೋಗುವುವು. ಕೂಡಿದ ವಿದ್ಯಾರ್ಥಿಗೆ ತನ್ನ ಲೆಕ್ಕವು ಸರಿಯೆಂಬುದನ್ನು ಬೇರೆಯವರು ಹೇಳಬೇಕಾದುದಿಲ್ಲ, ಫಲವೇ ಸಾಕ್ಷಿಯಾಗುವುದು. ಒಂದು ದಶಕವನ್ನು ಮರೆತರೆ ಸರದ ಮಣಿಯು ಓರೆಯಾಗಿ ಕಾಣುವುದು. ಬೋಧನೆಯ ದೃಷ್ಟಿಯಿಂದ ನೋಡಿದರೂ ಇಂತಹ ಉದಾಹರಣೆಯು ಅಪೂರ್ವವೆಂದೇ ಹೇಳಬೇಕು. ಆದರೆ ಬೋಧನೆಗೆ ಅನುಕೂಲವಾಯಿತೆಂಬ ಮಾತ್ರಕ್ಕೆ ಸೌಂದರ್ಯವು ಸಿದ್ಧವಾಗುವುದಿಲ್ಲ.

ಅಲಂಕಾರಶಾಸ್ತ್ರದ ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕಾಗಿದೆ. ಮುಂದಿನಿಂದಲೂ ಹಿಂದಿನಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಶ್ಲೋಕಗಳು ಸಂಸ್ಕೃತದಲ್ಲಿ ಹೇರಳವಾಗಿವೆ. ಮಹಾವೀರನು ಬಾಳಿದ ಶತಮಾನದಲ್ಲಿಯೇ ಕಾಶ್ಮೀರದಲ್ಲಿದ್ದ ಆನಂದವರ್ಧನನು ಇಂತಹ ಚಿತ್ರವನ್ನು ಕಾವ್ಯದ ಅನುಕರಣವೆಂದನೇ ಹೊರತು ಕಾವ್ಯವೆಂದು ಒಪ್ಪಲಿಲ್ಲ. ಮಮ್ಮಟನು ಅದನ್ನು ಮೂರನೆಯ ಪಂಕ್ತಿಯಲ್ಲಿ ಕುಳ್ಳಿರಿಸಿದನು. ಅಕ್ಷರದ ಅಂದವು ಅರ್ಥವನ್ನು ಮುಟ್ಟದೆ ಹೋದರೆ ಅದು ಕಸರತ್ತಿನಲ್ಲಿಯೇ ಮುಗಿಯುವುದೆಂಬುದು ಅವರ ಮತದ ಸಾರ. ಅದೇ ನ್ಯಾಯದಿಂದ, ಸಂಖ್ಯೆಯ ಅಂಕಗಳು ಅದರ ಅಕ್ಷರಗಳು. ಮನುಷ್ಯನಿಗೆ ಹತ್ತು ಬೆರಳುಗಳಿರುವುದರಿಂದ ಹತ್ತರ ಮೇಲೆ ಲೆಕ್ಕವನ್ನು ಕಟ್ಟಿದನು. ಎಂಟು ಬೆರಳುಗಳಿದ್ದರೆ ಎಂಟರ ಮೇಲೆ ಕಟ್ಟುತ್ತಿದ್ದನು. ಆಗ ೧೨೩೪ ಕೋಟಿ ಚಿಲ್ಲರೆಯ ಈ ಸಂಖ್ಯೆಯು ಬೇರೆ ಅಂಕಗಳಲ್ಲಿ ಬರೆಯಲ್ಪಟ್ಟು, ಮಾಲೆಯೆಂಬುದು ಮಾಯವಾಗಬೇಕಲ್ಲವೆ? ಹಾಗಾದಲ್ಲಿ ಈ ಕಂಠಾಭರಣವು ಸಂಖ್ಯೆಯ ಗುಣವಲ್ಲ, ಬರವಣಿಗೆಯ ಗುಣ; ಶಬ್ದಚಿತ್ರವೇ ಹೊರತು ಅರ್ಥವಲ್ಲ.

ಆಕ್ಷೇಪವು ಬಲವಾದುದು. ಇದಕ್ಕೆ ಸಮಾಧಾನವನ್ನು ಸಂಖ್ಯೆಯ ಒಳಗೇ ಹುಡುಕಬೇಕು. ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ನೋಟಕ್ಕೆ ಏನೂ ಅಲ್ಲದಿದ್ದರೂ ೫೨೯೧ರ ವರ್ಗ. ೨೧ನ್ನೂ ೫೨೯೧ನ್ನೂ ಗುಣಿಸಿದರೆ ೧೧೧೧೧೧. ಎಂದರೆ ಆಚಾರ್ಯನ ಮಾಲೆಯು ಆರು ಒಂದುಗಳ ವರ್ಗವಲ್ಲದೆ ಬೇರೆಯಲ್ಲ. ಆರು ಒಂದುಗಳನ್ನು ಆರು ಸಲ ಬರೆದು, ಪ್ರತಿ ಸಾಲನ್ನೂ ಒಂದೊಂದು ಮನೆ ಎಡಕ್ಕೆ ಸರಿಸಿ ಕೂಡಿದರೆ, ಬಲದ ಕೊನೆಯ ಮನೆಯಲ್ಲಿ ಒಂದು ಒಂದು, ಅದರ ಎಡಕ್ಕೆ ಎರಡು ಒಂದುಗಳು, ನಡುವೆ ಆರು, ಮತ್ತೆ ಇಳಿಕೆ. ಎಲ್ಲ ಅಂಕಗಳ ಮೊತ್ತವು ೩೬ ಆಗಿರುವುದು, ಆರು ಸಾಲುಗಳಲ್ಲಿ ಆರಾರು ಒಂದುಗಳಿರುವುದರಿಂದಲೇ. ಈ ಏರಿಳಿತವು ಹತ್ತಕ್ಕೆ ಸೇರಿದುದಲ್ಲ. ಎಂಟರ ಮೇಲೆ ಲೆಕ್ಕವನ್ನು ಕಟ್ಟಿದ ಜನರು ಆರು ಒಂದುಗಳನ್ನು ಬರೆದರೆ ಅದು ನಮ್ಮ ಲೆಕ್ಕದ ೩೭೪೪೯. ಅದರ ವರ್ಗವು ನಮ್ಮ ಲೆಕ್ಕದಲ್ಲಿ ೧೪೦ ಕೋಟಿ ೨೪ ಲಕ್ಷ ೨೭ ಸಾವಿರದ ೬೦೧. ನಮಗೆ ಇದರಲ್ಲಿ ಯಾವ ಅಂದವೂ ಕಾಣದು. ಅವರ ಹಲಗೆಯ ಮೇಲಾದರೋ ಅದು ಒಂದರಿಂದ ಆರಕ್ಕೆ ಏರಿ ಒಂದಕ್ಕೆ ಇಳಿಯುವ ಅದೇ ಮಾಲೆಯಾಗಿರುವುದು. ಏಳು ಮತ್ತು ಏಳಕ್ಕೆ ಮೇಲ್ಪಟ್ಟ ಯಾವ ಮಾನದಲ್ಲಿ ಬರೆದರೂ ಹೀಗೆಯೇ. ಸಂಖ್ಯೆಗಳು ಬೇರೆ ಬೇರೆ, ಮಾಲೆ ಒಂದೇ. ಆದುದರಿಂದ ಇಲ್ಲಿಯ ಅಂದವು ಲಿಪಿಯ ಅಂದವಲ್ಲ, ರಚನೆಯ ಅಂದ. ಶಬ್ದಚಿತ್ರವೆಂದು ತೋರಿದುದರ ಹಿಂದೆ ಅರ್ಥವು ನಿಂತಿರುವುದು.

ಆದರೆ ನ್ಯಾಯವಾಗಿ ಹೇಳುವುದಾದರೆ ಒಂದು ಭಾಗವನ್ನು ಆಕ್ಷೇಪಕನಿಗೆ ಬಿಟ್ಟುಕೊಡಬೇಕು. ಮೇಲೆ ಹೇಳಿದ ೩೭೪೪೯ನ್ನು ೭ರಿಂದ ಭಾಗಿಸಿದರೆ ಶೇಷ ಉಳಿಯುವುದು. ಅದರ ವರ್ಗಕ್ಕೆ ೪೪೧ರಿಂದ ಭಾಗವಿಲ್ಲ. ಮಾಲೆಯು ಎಲ್ಲ ಮಾನಗಳಿಗೂ ಸೇರಿದುದು; ೪೪೧ ಎಂಬ ಸೂಜಿ ಮಾತ್ರ ನಮ್ಮ ಹತ್ತರ ಲೆಕ್ಕಕ್ಕೆ ಸೇರಿದುದು. ಈ ಸೂಜಿಯನ್ನು ಆಚಾರ್ಯನು ಹೇಗೆ ಆರಿಸಿದನೆಂಬುದರಲ್ಲಿಯೇ ಆತನ ಕೌಶಲವು ಪರೀಕ್ಷಿಸಲ್ಪಡಬೇಕಾಗಿದೆ.

ಆರೇ ಏಕೆ, ಐದೋ ಏಳೋ ಏಕಲ್ಲ? ಜೈನರ ಷಡ್ದ್ರವ್ಯಗಳನ್ನು ಇಲ್ಲಿಗೆ ಎಳೆದು ತರಬೇಕೆಂದು ಕೆಲವರಿಗೆ ತೋರಬಹುದು. ಅದಕ್ಕೆ ಗ್ರಂಥದಲ್ಲಿ ಆಧಾರವಿಲ್ಲ, ಅಗತ್ಯವೂ ಇಲ್ಲ. ಗಣಿತವೇ ಉತ್ತರವನ್ನು ಕೊಡುವುದು. ಐದು ಒಂದುಗಳನ್ನು ಒಡೆದರೆ ೪೧, ೨೭೧ ಎಂಬ ಎರಡೇ ಅವಿಭಾಜ್ಯಗಳು ದೊರೆಯುವುವು. ಏಳು ಒಂದುಗಳನ್ನು ಒಡೆದರೆ ೨೩೯, ೪೬೪೯ ಎಂಬ ಎರಡೇ. ಆರು ಒಂದುಗಳಾದರೋ ೩, ೭, ೧೧, ೧೩, ೩೭ ಎಂಬ ಐದು ಸಣ್ಣ ಅವಿಭಾಜ್ಯಗಳ ಗುಣಲಬ್ಧ. ಅವುಗಳ ವರ್ಗವಾದ ನಮ್ಮ ಮಾಲೆಗೆ ಭಾಜಕಗಳು ೨೪೩. ಅದನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆಯುವ ಬಗೆಗಳು ೧೨೨. ಐದು ಅಥವಾ ಏಳು ಒಂದುಗಳ ವರ್ಗಕ್ಕೆ ಇಂತಹ ಬಗೆಗಳು ಐದಷ್ಟೆ. ಗಣಿಯವರ ಮಾತಿನಲ್ಲಿ ಹೇಳುವುದಾದರೆ, ಅಕ್ಕಪಕ್ಕದ ಬಂಡೆಗಳು ಬರಡಾಗಿದ್ದು ನಡುವಿನ ಒಂದು ಮಾತ್ರ ಅದಿರಿನಿಂದ ತುಂಬಿರುವುದು. ಆಚಾರ್ಯನು ಈ ಸಿರಿಯನ್ನು ತಿಳಿದಿದ್ದನೆಂದು ಹೇಳುವ ವಾಕ್ಯವು ಗ್ರಂಥದಲ್ಲಿಲ್ಲ. ಆತನ ಆಯ್ಕೆಯೇ ಸಾಕ್ಷ್ಯವನ್ನು ನುಡಿಯುವುದು.

ಇನ್ನು ೧೨೨ ಬಗೆಗಳಲ್ಲಿ ಈ ಬಗೆಯೇ ಏಕೆ? ೧೧೧೧೧೧ನ್ನು ಅದರಿಂದಲೇ ಗುಣಿಸುವಂತೆ ಹೇಳಿದ್ದರೆ ಗುಟ್ಟು ಮೊದಲೇ ರಟ್ಟಾಗುತ್ತಿತ್ತು. ೧೨೩೨೧ನ್ನು ೧೦೦೨೦೦೧ರಿಂದ ಗುಣಿಸಿದರೂ ಇದೇ ಫಲವು ಬರುವುದು. ಆದರೆ ಆ ಎರಡೂ ತಾವೇ ಮಾಲೆಗಳು. ಎರಡು ಸಣ್ಣ ಸರಗಳನ್ನು ಕಟ್ಟಿ ದೊಡ್ಡ ಸರವನ್ನು ಮಾಡಿದುದರಲ್ಲಿ ಏನು ಆಶ್ಚರ್ಯ? ೨೭೯೯೪೬೮೧ ಮತ್ತು ೪೪೧ ಇವೆರಡರ ಮುಖದಲ್ಲಿಯೂ ಆಭರಣದ ಲೇಶವಿಲ್ಲ. ನಿರಾಭರಣವಾದ ಎರಡು ಸಂಖ್ಯೆಗಳು ಕೂಡಿ ಆಭರಣವನ್ನು ಹಡೆದುವು. ಕಾಣುವ ಕಾರಣವಿಲ್ಲದೆ ಕಾರ್ಯವು ಹುಟ್ಟಿದಂತೆ ಹೇಳುವುದಕ್ಕೆ ಆಲಂಕಾರಿಕರು ವಿಭಾವನೆಯೆಂದು ಹೆಸರಿಟ್ಟರು. ಕಾರಣವು ಇಲ್ಲವೆಂದಲ್ಲ, ಮರೆಯಲ್ಲಿದೆ, ವಿಚಾರಿಸಿದವನಿಗೆ ಸಿಕ್ಕುವುದು. ಅದ್ಭುತವು ವಿಚಾರಕ್ಕೆ ದಾರಿಯಾಗುವ ಈ ಬಗೆಯ ವಿಭಾವನೆಯು ಉತ್ತಮವಾದುದು. ಆರರಲ್ಲಿ ನಿಂತ ಸಂಯಮವೂ ಗಮನಾರ್ಹವಾದುದು. ಒಂಬತ್ತು ಒಂದುಗಳ ವರ್ಗವು ೧೨೩೪೫೬೭೮೯೮೭೬೫೪೩೨೧ ಎಂದು ಮೆರೆಯುವುದು; ಹತ್ತಕ್ಕೆ ಕಾಲಿಟ್ಟೊಡನೆ ನಡುವಿನ ಹತ್ತು ಎಡಕ್ಕೆ ಹರಿದು, ೧೨೩೪೫೬೭೯೦೦೯೮೭೬೫೪೩೨೧ ಎಂದು ಸರವು ಕಡಿದುಹೋಗುವುದು.

ಇಷ್ಟು ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಆಚಾರ್ಯನು ಉದಾಹರಣೆಯನ್ನು ಕೊಟ್ಟು ಸುಮ್ಮನಾಗುವನು. ವರ್ಗದ ಗುಟ್ಟನ್ನಾಗಲಿ, ಸಿರಿಯ ಕಾರಣವನ್ನಾಗಲಿ ಒಂದು ಅರ್ಧಶ್ಲೋಕದಲ್ಲಿಯೂ ಹೇಳುವುದಿಲ್ಲ. ಸೂತ್ರಗ್ರಂಥದ ಸಂಪ್ರದಾಯವೇ ಹಾಗೆ, ಬಿಡಿಸುವುದು ಗುರುವಿನ ಕೆಲಸವೆಂಬ ಸಮಾಧಾನವು ಅರ್ಧಮಾತ್ರ ಸರಿ. ಗುರುವು ಬಿಡಿಸದೆ ಹೋದ ಪಾಠಶಾಲೆಗಳಲ್ಲಿ ಶಿಷ್ಯರು ಫಲವನ್ನು ಕಂಠಪಾಠಮಾಡಿ, ಕಾರಣವನ್ನು ಕೇಳುವುದನ್ನೇ ಮರೆತರು. ಆಭರಣವು ಕೊರಳಿನಲ್ಲಿಯೇ ಉಳಿಯಿತು, ತಲೆಗೆ ಏರಲಿಲ್ಲ. ಇದೇ ಗ್ರಂಥದಲ್ಲಿ, ಒಂದು ರಾಶಿಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂಬ ಸ್ಪಷ್ಟವಾದ ತಪ್ಪೂ ಉಂಟು. ಋಣರಾಶಿಯು ಸ್ವಭಾವದಿಂದ ವರ್ಗವಲ್ಲವಾಗಿ ಅದಕ್ಕೆ ವರ್ಗಮೂಲವಿಲ್ಲವೆಂದು ಅಷ್ಟು ಸೂಕ್ಷ್ಮವಾಗಿ ಕಂಡವನೇ ಸೊನ್ನೆಯ ವಿಷಯದಲ್ಲಿ ಎಡವಿದನು. ಪೂರ್ವಾಚಾರ್ಯರನ್ನು ಗೌರವಿಸುವ ಕ್ರಮವು ಅವರ ತಪ್ಪನ್ನೂ ಲೆಕ್ಕಕ್ಕೆ ಹಿಡಿಯುವುದರಲ್ಲಿದೆ.

ಚಿನ್ನದ ಸೀಮೆಯವರಿಗೆ ಈ ಗ್ರಂಥದಲ್ಲಿ ಮತ್ತೊಂದು ಪಾಠವುಂಟು. ಎಂಟನೆಯ ಅಧ್ಯಾಯವಾದ ಖಾತವ್ಯವಹಾರವು ಅಗೆತದ ಲೆಕ್ಕವನ್ನು ಹೇಳಿದರೆ, ಮಿಶ್ರಕವ್ಯವಹಾರದಲ್ಲಿ ಸುವರ್ಣಕುಟ್ಟೀಕಾರವೆಂಬ ಪ್ರಕರಣವೇ ಇದೆ. ಅಲ್ಲಿ ಶುದ್ಧವಾದ ಚಿನ್ನವು ಹದಿನಾರು ವರ್ಣ. ಹದಿನಾರು ವರ್ಣದ ೫ ತೊಲವನ್ನೂ ಹನ್ನೆರಡು ವರ್ಣದ ೩ ತೊಲವನ್ನೂ ಕರಗಿಸಿದರೆ, ೮೦ಕ್ಕೆ ೩೬ನ್ನು ಕೂಡಿ ೮ರಿಂದ ಭಾಗಿಸಿ, ಹದಿನಾಲ್ಕೂವರೆ ವರ್ಣವೆಂದು ಯಾವ ಅಕ್ಕಸಾಲೆಯಾದರೂ ಹೇಳುವನು. ಆದರೆ ಹದಿನಾಲ್ಕೂವರೆ ವರ್ಣದ ಗಟ್ಟಿಯೊಂದನ್ನು ಕೈಗೆ ಕೊಟ್ಟು, ಇದು ಯಾವ ಯಾವ ಚಿನ್ನಗಳಿಂದ ಆಯಿತೆಂದು ಕೇಳಿದರೆ, ಉತ್ತರಗಳು ಅನೇಕವಾಗುವುವು. ಕರಗಿದ ಚಿನ್ನವು ತನ್ನ ಹುಟ್ಟನ್ನು ಮರೆಯುವುದು. ಗುಣಿಸಿದ ಸಂಖ್ಯೆಯು ಮರೆಯುವುದಿಲ್ಲ: ೧೨೩೪೫೬೫೪೩೨೧ನ್ನು ಯಾರು ಯಾವ ದೇಶದಲ್ಲಿ ಯಾವ ಕಾಲದಲ್ಲಿ ಒಡೆದರೂ ೩, ೭, ೧೧, ೧೩, ೩೭ ಇವೈದೇ, ಎರಡೆರಡು ಸಲ, ಹೊರಬೀಳುವುವು. ಬೆರಕೆಗೆ ಒಳಗಾಗದ ಈ ಗುಣವೇ ಸಂಖ್ಯೆಯ ಹದಿನಾರನೆಯ ವರ್ಣ.

ಇನ್ನು ಎರಡನೆಯ ಪಕ್ಷದವರ ವಿಷಯ. ಮಹಾವೀರನು ಏಕದಿಂದ ಮೊದಲಾಗಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರನ್ನು ಕೊಟ್ಟಿರುವನು. ಕೊನೆಯದು ಮಹಾಕ್ಷೋಭ, ಒಂದರ ಮುಂದೆ ೨೩ ಸೊನ್ನೆ. ಇಂದಿನ ವಿಜ್ಞಾನದ ಅಳತೆಯಂತೆ ಒಂದು ಮಹಾಕ್ಷೋಭ ಪರಮಾಣುಗಳುಳ್ಳ ಶುದ್ಧ ಚಿನ್ನದ ತೂಕವು ಸುಮಾರು ೩೩ ಗ್ರಾಂ. ಮೂರು ತೊಲಕ್ಕೆ ತುಸು ಕಡಮೆ. ಒಂದು ಒಳ್ಳೆಯ ಕಂಠಾಭರಣ! ಕೋಲಾರದ ಗಣಿಗಳಿಂದ ಬಂದ ೮೦೦ ಟನ್ನು ಚಿನ್ನದ ಪರಮಾಣುಗಳು ಎರಡು ಕೋಟಿ ನಲವತ್ತು ಲಕ್ಷ ಮಹಾಕ್ಷೋಭಗಳಷ್ಟು. ಇದನ್ನು ಕೇಳಿದೊಡನೆ, ಆಚಾರ್ಯನು ಪರಮಾಣುಗಳನ್ನು ಎಣಿಸಿಯೇ ಮಹಾಕ್ಷೋಭದಲ್ಲಿ ನಿಂತನೆಂದು ಸಾರುವವರು ಹುಟ್ಟಿಕೊಳ್ಳುವರು. ಆ ಮಾತು ಹುಸಿ. ಗ್ರಾಮನ್ನು ಮಾನವು ಹತ್ತೊಂಬತ್ತನೆಯ ಶತಮಾನಕ್ಕೆ ಸಮೀಪದಲ್ಲಿ ಗೊತ್ತುಮಾಡಿಕೊಂಡನು. ಸರದ ತೂಕವು ಕೊಳ್ಳುವವರ ಇಷ್ಟ. ಕಾಕತಾಳೀಯವನ್ನು ಕಾರಣವೆಂದು ಹೇಳುವುದು ಹಿತ್ತಾಳೆಗೆ ಹದಿನಾರು ವರ್ಣದ ಮುದ್ರೆಯನ್ನು ಒತ್ತಿದಂತೆ. ಅದರಿಂದ ಹಿತ್ತಾಳೆಗೆ ಬೆಲೆ ಬಾರದು. ಮುದ್ರೆಗೆ ಬೆಲೆ ಹೋಗುವುದು.

ಮಹಾಸಂಖ್ಯೆಗಳಿಗೆ ಉಪಯೋಗವೇನೆಂದು ಕೇಳುವವರಿಗೂ ಈ ನೆಲವೇ ಉತ್ತರವನ್ನು ಕೊಟ್ಟಿತು. ೧೯೬೫ರಲ್ಲಿ ಇದೇ ಗಣಿಗಳ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಗುರುತನ್ನು ವಿಜ್ಞಾನಿಗಳು ಹಿಡಿದರು. ೧೯೮೦ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನಿನವರೂ ಸೇರಿ ಸುಮಾರು ೨.೩ ಕಿಲೋಮೀಟರು ಆಳದಲ್ಲಿ ೧೪೦ ಟನ್ನು ಕಬ್ಬಿಣದ ಯಂತ್ರವನ್ನು ನಿಲ್ಲಿಸಿ, ಪ್ರೋಟಾನು ಎಂದಾದರೂ ಸಾಯುವುದೇ ಎಂದು ಕಾದರು. ಅದರ ಆಯುಷ್ಯವು ಒಂದರ ಮುಂದೆ ೩೧ ಸೊನ್ನೆಗಳಷ್ಟು ವರ್ಷಗಳಾದರೆ ಒಂದನ್ನು ಕಾಯುತ್ತ ಕುಳಿತು ಫಲವಿಲ್ಲ. ಆದರೆ ಆ ಕಬ್ಬಿಣದಲ್ಲಿ ಪ್ರೋಟಾನು ನ್ಯೂಟ್ರಾನುಗಳೆರಡೂ ಸೇರಿ ಇದ್ದುದು ೮೪ರ ಮುಂದೆ ೩೦ ಸೊನ್ನೆಗಳಷ್ಟು. ಅಷ್ಟನ್ನು ಒಟ್ಟಿಗೆ ಕಾದರೆ ವರ್ಷಕ್ಕೆ ಎಂಟೆಂಟು ಮರಣಗಳು ಕಾಣಬೇಕು. ಒಂದು ಮಹಾಸಂಖ್ಯೆಯನ್ನು ಮತ್ತೊಂದು ಮಹಾಸಂಖ್ಯೆಯಿಂದ ಭಾಗಿಸಿ ಮನುಷ್ಯನ ಕೈಗೆ ಎಟಕುವ ಫಲವನ್ನು ತರುವ ಉಪಾಯವಿದು. ಅವರು ಕೆಲವು ಶಂಕಿತ ಘಟನೆಗಳನ್ನು ವರದಿಮಾಡಿದರು. ಬೇರೆಡೆಯ ದೊಡ್ಡ ಯಂತ್ರಗಳು ಅವನ್ನು ಸಮರ್ಥಿಸಲಿಲ್ಲ. ಫಲವು ಸಾಲದೆಂದು ಶಾಸ್ತ್ರಜ್ಞರು ಒಪ್ಪಿದರು. ಆ ಒಪ್ಪಿಗೆಯಲ್ಲಿಯೂ ಒಂದು ಶೋಭೆ ಇದೆ.

ಹಾಗಾದರೆ ೧೨೩೪೫೬೫೪೩೨೧ರ ಬೆಲೆಯೇನು? ಅದು ಆಧುನಿಕ ಶಾಸ್ತ್ರದ ಬೀಜವಲ್ಲ. ಮಕ್ಕಳ ಆಟಿಕೆಯೂ ಅಲ್ಲ. ಒಬ್ಬ ಆಚಾರ್ಯನು ನೂರಿಪ್ಪತ್ತೆರಡು ಬಗೆಗಳಲ್ಲಿ ಒಂದನ್ನು, ಬರಡಾದ ಎರಡರ ನಡುವಿನ ಸಿರಿವಂತವಾದ ಒಂದನ್ನು, ಔಚಿತ್ಯವನ್ನರಿತು ಆರಿಸಿದುದಕ್ಕೆ ಗುರುತು. ಅದರ ಕಾರಣವನ್ನು ಹೇಳದೆ ಬಿಟ್ಟುದು ಆತನ ಕೊರತೆ. ಸಾವಿರ ವರ್ಷಗಳು ಕೇಳದೆ ಬಿಟ್ಟುದು ಓದಿದವರ ಕೊರತೆ. ಗಣಿಗಳು ಮುಚ್ಚಿದ ಮೇಲೆ ರಾಬರ್ಟ್‌ಸನ್‌ಪೇಟೆಯಲ್ಲಿಯೂ ಮಾರಿಕುಪ್ಪದಲ್ಲಿಯೂ ಬಂಗಾರಪೇಟೆಯಲ್ಲಿಯೂ ಮಕ್ಕಳಿಗೆ ಕೊಡಲು ಚಿನ್ನವಿಲ್ಲದ ಮನೆಗಳು ಬಹಳವಿವೆ. ಹಲಗೆಯೂ ಬಳಪವೂ ಇಲ್ಲದ ಮನೆಯಿಲ್ಲ. ಅಂತಹ ಮನೆಯಲ್ಲಿ ಒಂದು ಸಂಜೆ ಮಗುವು ೨೭೯೯೪೬೮೧ನ್ನು ೪೪೧ರಿಂದ ಗುಣಿಸಿ, ಮೂರು ಸಾಲುಗಳನ್ನು ಕೂಡಿ, ಮಾಲೆಯನ್ನು ಕಂಡು ನಕ್ಕರೆ ಆಚಾರ್ಯನ ಪದ್ಯವು ಅರ್ಧ ಸಾರ್ಥಕವಾಯಿತು. ನಕ್ಕ ಮೇಲೆ ಅದು ಏಕೆಂದು ಕೇಳಿ, ಹಿರಿಯರು ಜೊತೆಯಲ್ಲಿ ಕುಳಿತು ೫೨೯೧ರವರೆಗೆ ಅಗೆದರೆ, ಉಳಿದರ್ಧವೂ ಸಾರ್ಥಕವಾಗುವುದು.